ಚರ್ಚ್ ಕ್ವಾಯರ್ ನಿಮ್ಮ ಕೈಗೆ ಬಂದಿದೆಯಾ? ಮೊದಲ ವರ್ಷ ಹೀಗೆ ನಡೆಸಿ

“ಫಾದರ್ ನನ್ನನ್ನೇ ಕ್ವಾಯರ್ ನೋಡ್ಕೊಳ್ಳಿ ಅಂದುಬಿಟ್ಟಿದ್ದಾರೆ. ಹಾಡೋಕೆ ಬರುತ್ತೆ, ನಡೆಸೋಕೆ ಬರಲ್ಲ. ಎಲ್ಲಿಂದ ಶುರು ಮಾಡಲಿ?”

ಮೈಸೂರಿನಿಂದ, ಮಂಡ್ಯ ಕಡೆಯ ಸಣ್ಣ ಊರುಗಳಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರು ಬಹುತೇಕ ಶಾಲೆಯ ಟೀಚರ್, ಬ್ಯಾಂಕ್ ಉದ್ಯೋಗಿ, ನರ್ಸ್, ಕಾಲೇಜು ಹುಡುಗರು. ಸಂಗೀತವೇ ಅವರ ಕಸುಬಲ್ಲ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದ್ದನ್ನೆಲ್ಲ ಇಲ್ಲಿ ಒಂದು ಕಡೆ ಬರೆದಿದ್ದೇನೆ.

ಮೊದಲು ಕೆಲಸ ಏನು ಅಂತ ತಿಳಿದುಕೊಳ್ಳಿ. ಚರ್ಚಿನ ಮ್ಯೂಸಿಕ್ ಡೈರೆಕ್ಟರ್ ಹೊಸ ರಾಗ ಹಾಕಬೇಕಾಗಿಲ್ಲ. ಆ ವಾರಕ್ಕೆ ಹೊಂದುವ ಹಾಡು ಆರಿಸಬೇಕು, ಅದನ್ನು ಕಲಿಸಬೇಕು, ಎಲ್ಲರ ಗಂಟಲಿಗೂ ಒಗ್ಗುವ ಶ್ರುತಿಯಲ್ಲಿ ಎತ್ತಿಕೊಡಬೇಕು, ಬೆಂಚಿನಲ್ಲಿ ಕೂತ ಜನ ಹಾಡುವಂತೆ ನೋಡಿಕೊಳ್ಳಬೇಕು. ಈ ಕೊನೆಯದೇ ಮುಖ್ಯ. ಕಥೋಲಿಕ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನೆಯ ದಾಖಲೆಯಲ್ಲೂ ಜನರ ಹಾಡಿಗೆ ಒತ್ತು ಇದೆ. ಕ್ವಾಯರ್ ಎಷ್ಟು ಚೆನ್ನಾಗಿ ಹಾಡಿತು ಎನ್ನುವುದಕ್ಕಿಂತ ಹಿಂದಿನ ಬೆಂಚಿನ ಅಜ್ಜಿ ಬಾಯಿ ಬಿಟ್ಟರಾ ಎಂದು ನೋಡಿ. ಕೆಳಗೆ ಹೇಳುವುದೆಲ್ಲ ಅದಕ್ಕಾಗಿಯೇ.

ನಾನು ಕಥೋಲಿಕ ಬಲಿಪೂಜೆಯನ್ನು, ಅಂದರೆ ಮಾಸ್ ಅನ್ನು, ಇಟ್ಟುಕೊಂಡು ಬರೆಯುತ್ತಿದ್ದೇನೆ. ಸಿಎಸ್‌ಐ ಎಂಬ ಪ್ರೊಟೆಸ್ಟೆಂಟ್ ಸಭೆಯವರಿಗೆ ಆರಾಧನೆಯ ಕ್ರಮ ಬೇರೆ. ಆದರೆ ಶ್ರುತಿ, ಅಭ್ಯಾಸ, ಮೈಕಿನ ವಿಷಯ ನಿಮಗೂ ಹಾಗೇ ಅನ್ವಯಿಸುತ್ತದೆ.

ಬೇಕಾಗುವ ಸಾಮಾನು ಕಡಿಮೆ. ಟ್ರಾನ್ಸ್‌ಪೋಸ್ ಬಟನ್ ಇರುವ ಕೀಬೋರ್ಡ್, ಈ ವರ್ಷದ ಧರ್ಮಸಭೆಯ ಕ್ಯಾಲೆಂಡರ್, ಪೂಜೆಯಲ್ಲಿ ಓದುವ ಬೈಬಲ್ ವಾಚನಗಳ ಪುಸ್ತಕ, ದಪ್ಪ ರಟ್ಟಿನ ಒಂದು ನೋಟ್‌ಬುಕ್, ಪೆನ್ಸಿಲ್. ಫೋನಿನಲ್ಲಿ ಒಂದು ಟ್ಯೂನರ್ ಆ್ಯಪ್ ಇದ್ದರೆ ಒಳ್ಳೆಯದು. ಅದು ನೀವು ಹಾಡುವ ಸ್ವರ ಯಾವುದು ಅಂತ ತೋರಿಸುತ್ತದೆ.

1. ಫಾದರ್ ಜೊತೆ ಕೂತು ಮಾತಾಡಿ

ಮೊದಲ ಹಾಡು ಕಲಿಸುವ ಮೊದಲೇ ಅರ್ಧ ಗಂಟೆ ಕೇಳಿ ಪಡೆಯಿರಿ. ಇಷ್ಟು ವಿಷಯ ಸ್ಪಷ್ಟ ಮಾಡಿಕೊಳ್ಳಿ: ಹಾಡಿನ ಪಟ್ಟಿ ಅವರಿಗೆ ಯಾವ ದಿನ ತಲುಪಬೇಕು, ದೇವರನ್ನು ಕೊಂಡಾಡುವ ಮಹಿಮಾಗೀತೆಯನ್ನು (ಗ್ಲೋರಿಯಾ) ಹಾಡುವುದೋ ಹೇಳುವುದೋ, ಫಾದರ್ ತಾವೇ ಹಾಡುವ ಭಾಗಗಳು ಯಾವುವು, ಮದುವೆ ಮತ್ತು ಸಾವಿನ ಪೂಜೆಗೆ ಹಾಡುವವರು ಯಾರು, ಕೀಬೋರ್ಡ್ ರಿಪೇರಿಗೆ ದುಡ್ಡು ಎಲ್ಲಿಂದ. ಮದುವೆ ಮನೆಯವರು ಕ್ವಾಯರ್‌ಗೆ ಕೊಡುವ ಹಣ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಇಲ್ಲಿಯೇ ತೀರ್ಮಾನಿಸಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕ್ವಾಯರ್ ಒಡೆಯುವುದು ಸ್ವರ ತಪ್ಪಿದ್ದಕ್ಕಲ್ಲ, ಜಾಸ್ತಿ ಸಲ ಇಂಥ ಲೆಕ್ಕಕ್ಕೆ.

ಅಭ್ಯಾಸಕ್ಕೆ ಮಕ್ಕಳು ಬರುತ್ತಾರಾದರೆ ನಿಮ್ಮ ಜೊತೆ ಇನ್ನೊಬ್ಬ ದೊಡ್ಡವರು ಯಾವಾಗಲೂ ಇರಬೇಕು. ಇದನ್ನೂ ಫಾದರ್ ಮುಂದೆಯೇ ಗೊತ್ತು ಮಾಡಿ.

2. ಮೂರು ಭಾನುವಾರ ಸುಮ್ನೆ ಕೇಳಿ

ಹೊಸಬರು ಬಂದ ವಾರವೇ ಎಲ್ಲ ಹಾಡು ಬದಲಿಸಿಬಿಡುತ್ತಾರೆ. ಮಾಡಬೇಡಿ. ಮೂರು ವಾರ ಕ್ವಾಯರ್ ಹತ್ತಿರ ನಿಲ್ಲದೆ, ಜನರ ನಡುವೆ ಬೇರೆ ಬೇರೆ ಜಾಗದಲ್ಲಿ ಕೂತುಕೊಳ್ಳಿ. ಜನ ಯಾವ ಹಾಡಿಗೆ ಪುಸ್ತಕ ನೋಡದೆ ದನಿಗೂಡಿಸುತ್ತಾರೆ, ಯಾವ ಸಾಲಿಗೆ ಬಂದಾಗ ಸುಮ್ಮನಾಗುತ್ತಾರೆ, ಬರೆದುಕೊಳ್ಳಿ. ಸುಮ್ಮನಾಗುವ ಜಾಗದಲ್ಲಿ ಬಹುಪಾಲು ಸ್ವರ ತುಂಬಾ ಮೇಲಿರುತ್ತದೆ, ಇಲ್ಲವೇ ಮಾತು ಅರ್ಥವಾಗುತ್ತಿರುವುದಿಲ್ಲ. ಈ ಪಟ್ಟಿ ಇಡೀ ವರ್ಷ ನಿಮ್ಮ ಕೈ ಹಿಡಿಯುತ್ತದೆ.

3. ಕ್ಯಾಲೆಂಡರ್ ಓದಲು ಕಲಿಯಿರಿ

ಭಾನುವಾರದ ವಾಚನಗಳು ಎ, ಬಿ, ಸಿ ಎಂಬ ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ. ಯಾವ ವರ್ಷ ಅಂತ ತಿಳಿಯಲು ಸುಲಭ ಲೆಕ್ಕ ಇದೆ. ಇಸವಿಯನ್ನು 3ರಿಂದ ಭಾಗಿಸಿ. ಶೇಷ 1 ಉಳಿದರೆ ಎ, 2 ಉಳಿದರೆ ಬಿ, ಏನೂ ಉಳಿಯದಿದ್ದರೆ ಸಿ. ಹಾಗಾಗಿ 2026 ಎ ವರ್ಷ, ಮುಖ್ಯವಾಗಿ ಮತ್ತಾಯನ ಶುಭಸಂದೇಶ. ಬಿ ವರ್ಷ ಮಾರ್ಕ, ಸಿ ವರ್ಷ ಲೂಕ. ಆದರೆ ಧರ್ಮಸಭೆಯ ಹೊಸ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ ಬರುತ್ತದಲ್ಲ, ಅದರ ಮೊದಲ ಭಾನುವಾರವೇ, ಅಂದರೆ ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲಲ್ಲೇ, ಮುಂದಿನ ಇಸವಿಯ ಸುತ್ತು ಶುರು.

ಜಾಸ್ತಿ ತಪ್ಪಾಗುವುದು ಈ ವಿಷಯಗಳಲ್ಲಿ:

ಆಗಮನ ಕಾಲದ ಭಾನುವಾರಗಳಲ್ಲಿ ಮಹಿಮಾಗೀತೆ ಇಲ್ಲ, ಶುಭಸಂದೇಶ ಓದುವ ಮುಂಚೆ ಹಾಡುವ ಅಲ್ಲೆಲೂಯ ಇದೆ. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲದಲ್ಲಿ ಎರಡೂ ಇಲ್ಲ. ಶುಭಸಂದೇಶಕ್ಕೆ ಮುಂಚೆ ಬೇರೆ ಘೋಷಣೆ ಹಾಡಬೇಕು. ಅಭ್ಯಾಸಬಲದಿಂದ ಅಲ್ಲೆಲೂಯ ಎತ್ತಿಬಿಡುವುದು ತಪಸ್ಸು ಕಾಲದ ಮೊದಲ ಭಾನುವಾರ ಆಗುವ ಮಾಮೂಲಿ ತಪ್ಪು. ಕೀಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿ.

ತಪಸ್ಸು ಕಾಲದಲ್ಲಿ ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ. ಹಾಡಿಲ್ಲದೆ ಬರೀ ಕೀಬೋರ್ಡ್ ನುಡಿಸುವಂತಿಲ್ಲ. ನಾಲ್ಕನೇ ಭಾನುವಾರಕ್ಕೆ, ನಡುವೆ ಬರುವ ದೊಡ್ಡ ಹಬ್ಬಗಳಿಗೆ ಈ ಕಟ್ಟುಪಾಡಿಲ್ಲ. ಮಾರ್ಚ್ 19ರ ಸಂತ ಜೋಸೆಫರ ಹಬ್ಬ ಅಂಥದ್ದು. ಅವತ್ತು ಮಹಿಮಾಗೀತೆಯನ್ನೂ ಹಾಡಬೇಕು, ಆದರೆ ಅಲ್ಲೆಲೂಯ ಅವತ್ತೂ ಇಲ್ಲ.

4. ಯಾವುದನ್ನು ಮೊದಲು ಹಾಡಬೇಕು?

ಬಹಳ ಚರ್ಚುಗಳಲ್ಲಿ ಪ್ರವೇಶ ಗೀತೆ ಭರ್ಜರಿಯಾಗಿರುತ್ತದೆ. ಕಾಣಿಕೆ ಗೀತೆಗೆ ನಾಲ್ಕು ಚರಣ. ಆದರೆ “ಪವಿತ್ರ, ಪವಿತ್ರ” ಬಂದಾಗ ಮಾತಿನಲ್ಲಿ ಹೇಳಿ ಮುಗಿಸಿಬಿಡುತ್ತಾರೆ. ಇದು ಉಲ್ಟಾ. ಪೂಜೆಯ ಒಳಗಿನ ಭಾಗಗಳೇ ಮೊದಲು ಹಾಡಾಗಬೇಕು, ಸುತ್ತಲಿನ ಹಾಡುಗಳು ಆಮೇಲೆ. 1967ರ ಮಾರ್ಚ್ 5ರಂದು ರೋಮ್ ಹೊರಡಿಸಿದ ಸಂಗೀತದ ಸೂಚನೆಯೂ ಇದೇ ಮೆಟ್ಟಿಲುಗಳನ್ನು ಹಾಕಿಕೊಡುತ್ತದೆ.

ನೀವು ಹೀಗೆ ಹೋಗಿ. ಮೊದಲು ಅಲ್ಲೆಲೂಯ, “ಪವಿತ್ರ, ಪವಿತ್ರ”, ರೊಟ್ಟಿ, ದ್ರಾಕ್ಷಾರಸದ ಮೇಲೆ ಫಾದರ್ ಹೇಳುವ ಪರಮಪ್ರಸಾದದ ಪ್ರಾರ್ಥನೆಯ ಕೊನೆಗೆ ಬರುವ ದೊಡ್ಡ ಆಮೆನ್. ಈ ಮೂರು ಗಟ್ಟಿಯಾದ ಮೇಲೆ ಬೈಬಲಿನ ಕೀರ್ತನೆಯ ಪಲ್ಲವಿ, ಕರುಣೆಯ ಮೊರೆ, ಮಹಿಮಾಗೀತೆ, “ದೇವರ ಕುರಿಮರಿ”. ಆಮೇಲೆ ಪರಮಪ್ರಸಾದ ಗೀತೆ, ಪ್ರವೇಶ ಗೀತೆ. ಕಾಣಿಕೆಯ ಹಾಡು, ಕೊನೆಯ ಹಾಡು ಎಲ್ಲಕ್ಕಿಂತ ಕೊನೆಗೆ.

ಪೂಜೆಯ ಭಾಗಗಳಿಗೆ ಒಂದೇ ಸೆಟ್ ಇಟ್ಟುಕೊಂಡು ಕನಿಷ್ಠ ಆರು ತಿಂಗಳು ಹಾಡಿ. ನಿಮಗೆ ಬೇಜಾರಾಗುವ ಹೊತ್ತಿಗೆ ಜನಕ್ಕೆ ಬಾಯಿಪಾಠ ಆಗಿರುತ್ತದೆ. ಆಗಲೇ ಬದಲಿಸಬೇಡಿ. ಅವರು ಹಾಡುವ ಸುಖ ಶುರುವಾಗುವುದೇ ಅಲ್ಲಿಂದ. ಹೊಸ ಹಾಡು ತಿಂಗಳಿಗೆ ಒಂದು ಸಾಕು. ಅದನ್ನು ಮೊದಲ ವಾರ ಪರಮಪ್ರಸಾದದ ಸಮಯದಲ್ಲಿ ಕ್ವಾಯರ್ ಮಾತ್ರ ಹಾಡಲಿ. ಎರಡನೇ ವಾರ ಪೂಜೆಗೆ ಐದು ನಿಮಿಷ ಮುಂಚೆ ಪಲ್ಲವಿಯನ್ನು ಜನಕ್ಕೆ ಹೇಳಿಕೊಡಿ. ಮೂರನೇ ವಾರ ಎಲ್ಲರೂ.

ಇನ್ನೊಂದು ಮಾತು. ಹಾಡು ಪೂಜೆಗಾಗಿ ಇದೆ. ಕಾಣಿಕೆ ಸಿದ್ಧವಾಗಿ ಫಾದರ್ ಪೀಠದ ಬಳಿ ಕಾಯುತ್ತಿದ್ದರೆ ಮೂರನೇ ಚರಣ ಎತ್ತಬಾರದು. ಪಲ್ಲವಿಗೆ ಬಂದು ನಿಲ್ಲಿಸಿ.

5. ಶ್ರುತಿ: ಅರ್ಧ ಸಮಸ್ಯೆ ಇಲ್ಲೇ ಇದೆ

“ನಮ್ಮ ಜನ ಹಾಡೋದೇ ಇಲ್ಲ” ಅಂತ ದೂರುವವರಿಗೆ ನಾನು ಮೊದಲು ಕೇಳುವುದು, “ಸ್ಕೇಲ್ ಯಾವುದು?” ಅಂತ. ಸ್ಕೇಲ್ ಅಂದರೆ ಹುಡುಗರ ಬಾಯಲ್ಲಿ ಶ್ರುತಿ, ಅಂದರೆ ಷಡ್ಜವನ್ನು (‘ಸ’ ಸ್ವರವನ್ನು) ಕೀಬೋರ್ಡಿನ ಯಾವ ಮನೆಯ ಮೇಲೆ ಇಟ್ಟಿದ್ದೀರಿ ಅಂತ. ಬಹಳ ಸಲ ಸಿಗುವ ಉತ್ತರ: “ರೆಕಾರ್ಡಿಂಗಲ್ಲಿ ಇರೋದೇ, ಅಣ್ಣ.” ರೆಕಾರ್ಡಿಂಗಿನಲ್ಲಿ ಹಾಡಿದವರು ತರಬೇತಾದ ಗಾಯಕರು. ಬೆಳಗ್ಗೆ ಆರೂವರೆಗೆ, ಕಾಫಿ ಕೂಡ ಕುಡಿಯದೆ ಬಂದ ಜನಕ್ಕೆ ಆ ಎತ್ತರ ಸಿಗುವುದಿಲ್ಲ.

ನಾನು ಅನುಸರಿಸುವ ಅಳತೆ ಇದು. ಕೀಬೋರ್ಡಿನ ನಡುವಿನ ಸಿ ಗುರುತಿಸಿ. ಅದರ ಕೆಳಗಿನ ಎ ಇಂದ, ಮೇಲಿನ ಸ್ಥಾಯಿಯ ಸಿ ವರೆಗೆ ಸಾಮಾನ್ಯ ಹೆಂಗಸರು, ಮಕ್ಕಳು ಆರಾಮಾಗಿ ಹಾಡುತ್ತಾರೆ. ಗಂಡಸರು ಅದನ್ನೇ ಒಂದು ಸ್ಥಾಯಿ ಕೆಳಗೆ ಹಾಡುತ್ತಾರೆ. ಹಬ್ಬದ ದಿನ, ಜನ ಉತ್ಸಾಹದಲ್ಲಿದ್ದಾಗ ಮೇಲಿನ ಡಿ ವರೆಗೆ ಹೋಗಬಹುದು. ಅದಕ್ಕಿಂತ ಮೇಲೆ ಹೋದರೆ ಜನ ಬಾಯಿ ಮುಚ್ಚುತ್ತಾರೆ.

ಹಾಗಾದರೆ ಹಾಡಿಗೆ ಶ್ರುತಿ ಇಡುವುದು ಹೇಗೆ? ಹಾಡಿನ ಮೊದಲ ಸ್ವರ ನೋಡಬೇಡಿ. ಅತಿ ಎತ್ತರದ ಸ್ವರ ಹುಡುಕಿ. ಒಂದು ಹಾಡು ಮೇಲಿನ ಗಾಂಧಾರದವರೆಗೆ (‘ಗ’ ಸ್ವರದವರೆಗೆ) ಹೋಗುತ್ತದೆ ಅಂದುಕೊಳ್ಳಿ. ಷಡ್ಜ ಸಿ ಆದರೆ ಆ ಗಾಂಧಾರ ಮೇಲಿನ ಇ ಆಗುತ್ತದೆ. ಕಷ್ಟ. ಟ್ರಾನ್ಸ್‌ಪೋಸ್ ಬಟನ್ ಒತ್ತಿ ಮೈನಸ್ 3ಕ್ಕೆ ತನ್ನಿ. ಟ್ರಾನ್ಸ್‌ಪೋಸ್ ಅಂದರೆ ಬೆರಳು ಅದೇ ಜಾಗದಲ್ಲಿ ಇದ್ದರೂ ಇಡೀ ಹಾಡು ಮೇಲೆ ಕೆಳಗೆ ಆಗುವ ಸೌಲಭ್ಯ. ಒಂದೊಂದು ಅಂಕಿಗೆ ಅರ್ಧ ಸ್ವರ. ಈಗ ಷಡ್ಜ ಎ ಆಯಿತು, ಗಾಂಧಾರ ಸಿ ಶಾರ್ಪ್‌ಗೆ ಇಳಿಯಿತು. ಎಲ್ಲರಿಗೂ ಎಟುಕುತ್ತದೆ. ಇಳಿಸಿದ ಮೇಲೆ ಅತಿ ಕೆಳಗಿನ ಸ್ವರವನ್ನೂ ಒಮ್ಮೆ ಹಾಡಿ ನೋಡಿ. ಅದು ಗಂಟಲಲ್ಲಿ ಕರಗಿ ಹೋದರೆ, ಆ ಹಾಡಿನ ವಿಸ್ತಾರವೇ ಜನಕ್ಕೆ ಜಾಸ್ತಿ ಅಂತ ಅರ್ಥ. ಅದನ್ನು ಕ್ವಾಯರ್ ಮಾತ್ರ ಹಾಡುವ ಹಾಡಾಗಿ ಇಟ್ಟುಕೊಳ್ಳಿ.

ನೋಟ್‌ಬುಕ್ಕಿನಲ್ಲಿ ಪ್ರತಿ ಹಾಡಿನ ಪಕ್ಕ ಈ ಅಂಕಿ ಬರೆಯಿರಿ. ಬೆಳಗಿನ ಮೊದಲ ಪೂಜೆಗೆ ಇನ್ನೂ ಒಂದು ಅಂಕಿ ಇಳಿಸಿ. ಡಿಸೆಂಬರ್ ಚಳಿಯಲ್ಲಂತೂ ಖಂಡಿತ ಇಳಿಸಿ.

ಎರಡು ಎಚ್ಚರಿಕೆಗಳಿವೆ. ಹಾಡು ಮುಗಿದ ಮೇಲೆ ಟ್ರಾನ್ಸ್‌ಪೋಸ್ ಸೊನ್ನೆಗೆ ಬಂದಿದೆಯಾ ಅಂತ ನೋಡಿಕೊಳ್ಳಿ. ಮೈಸೂರಿನ ಕೆಲವು ಚರ್ಚುಗಳಲ್ಲಿ ಭಾನುವಾರ ಒಂದೇ ಕೀಬೋರ್ಡಿಗೆ ಕನ್ನಡ, ತಮಿಳು, ಇಂಗ್ಲಿಷ್ ಅಂತ ಬೇರೆ ಬೇರೆ ಕ್ವಾಯರ್‌ಗಳ ಕೈ ಬೀಳುತ್ತದೆ. ಹಿಂದಿನ ಪೂಜೆಯವರು ಬಿಟ್ಟುಹೋದ ಅಂಕಿಯಲ್ಲೇ ನೀವು ಶುರು ಮಾಡಿದರೆ ಮೊದಲ ಸಾಲಿನಲ್ಲೇ ಎಲ್ಲ ಕೆಡುತ್ತದೆ. ಇನ್ನೊಂದು ತಬಲ. ತಬಲದ ಬಲಗೈ ಭಾಗವನ್ನು ಒಂದು ಶ್ರುತಿಗೆ ಕಟ್ಟಿರುತ್ತಾರೆ. ನೀವು ಕೀಬೋರ್ಡನ್ನು ಇಳಿಸಿದರೆ ತಬಲ ತಾನಾಗಿ ಇಳಿಯುವುದಿಲ್ಲ. ಹಾಗಾಗಿ ತಬಲ ಇರುವ ಹಾಡುಗಳನ್ನೆಲ್ಲ ಒಂದೇ ಶ್ರುತಿಗೆ ಬರುವಂತೆ ಆರಿಸಿ, ಉಳಿದ ಹಾಡುಗಳಿಗೆ ತಬಲ ಬಿಡಿ.

ಕೀಬೋರ್ಡ್ ಬೇಕಾ, ಹಾರ್ಮೋನಿಯಂ ತಬಲ ಬೇಕಾ ಎಂಬ ವಾದ ಪ್ರತಿ ಚರ್ಚಿನಲ್ಲೂ ಇದೆ. ಮೈಸೂರಿನ ಕಿವಿ ಎರಡಕ್ಕೂ ಹೊಸದಲ್ಲ. ಅರಮನೆಯಲ್ಲಿ ಕರ್ನಾಟಕ ಬ್ಯಾಂಡೂ ಇತ್ತು, ಇಂಗ್ಲಿಷ್ ಬ್ಯಾಂಡೂ ಇತ್ತು. ಪಿಯಾನೋ ಕಲಿತ ಜಯಚಾಮರಾಜ ಒಡೆಯರ್ ಅವರೇ ಕರ್ನಾಟಕ ಸಂಗೀತಕ್ಕೆ 94 ಕೃತಿಗಳನ್ನು ಕೊಟ್ಟವರು. ವ್ಯಾಟಿಕನ್ ಮಹಾಸಭೆಯ ದಾಖಲೆ ಪೈಪ್ ಆರ್ಗನ್ನಿಗೆ ಗೌರವ ಕೊಡುತ್ತದೆ, ಆಯಾ ನಾಡಿನ ಸಂಗೀತಕ್ಕೂ ಜಾಗ ಕೊಡುತ್ತದೆ. ನಿಮ್ಮಲ್ಲಿ ಯಾವುದನ್ನು ಚೆನ್ನಾಗಿ ನುಡಿಸುವವರು ಇದ್ದಾರೋ ಅದನ್ನು ಇಟ್ಟುಕೊಳ್ಳಿ. ಆದರೆ ಕೀಬೋರ್ಡಿನ ಒಳಗಿನ ರೆಡಿಮೇಡ್ ತಾಳ ಮಾತ್ರ ಬಂದ್ ಮಾಡಿ. ಜನ ಉಸಿರು ತೆಗೆದುಕೊಳ್ಳುವಾಗ ಅದು ಕಾಯುವುದಿಲ್ಲ.

6. ಅಭ್ಯಾಸ: ಮೊದಲು ಮಾತು, ಆಮೇಲೆ ರಾಗ

ವಾರಕ್ಕೆ ಒಂದೇ ಅಭ್ಯಾಸ ಇಡಿ, ಒಂದೂಕಾಲು ಗಂಟೆ. ಹೇಳಿದ ಸಮಯಕ್ಕೆ ಶುರು, ಹೇಳಿದ ಸಮಯಕ್ಕೆ ಬಂದ್. ಹಳ್ಳಿ ಕಡೆಯಿಂದ ಬರುವವರಿಗೆ ಕೊನೆ ಬಸ್ಸಿನ ಚಿಂತೆ ಇರುತ್ತದೆ, ಹೆಣ್ಣುಮಕ್ಕಳಿಗೆ ಮನೆಯಿಂದ ಫೋನ್ ಬರುತ್ತಿರುತ್ತದೆ. ಸಮಯ ಕಾಯ್ದುಕೊಂಡರೆ ಮುಂದಿನ ವಾರವೂ ಬರುತ್ತಾರೆ.

ಹತ್ತು ನಿಮಿಷ ಗಂಟಲು ಬೆಚ್ಚಗಾಗಲು ಕೊಡಿ. ಬಾಯಿ ಮುಚ್ಚಿ ‘ಮ್’ ಅಂತ ಗುನುಗುವುದು, ಆಮೇಲೆ ಸ ರಿ ಗ ಮ ಪ ಮೇಲೆ ಹೋಗಿ ಕೆಳಗೆ ಬರುವುದು, ಇಷ್ಟು ಸಾಕು. ನಂತರ ಭಾನುವಾರದ ಹಾಡುಗಳು, ಕೊನೆಗೆ ಹದಿನೈದು ನಿಮಿಷ ಹೊಸ ಹಾಡು.

ಹೊಸ ಹಾಡನ್ನು ಕಲಿಸುವಾಗ ಮೊದಲು ಎಲ್ಲರಿಂದ ಮಾತಿನಲ್ಲೇ ಓದಿಸಿ. ಕನ್ನಡ ಹಾಡು ಕೆಡುವುದು ಇಲ್ಲೇ. ನಮ್ಮ ಭಾಷೆಯಲ್ಲಿ ಹ್ರಸ್ವ ದೀರ್ಘ ಬದಲಾದರೆ ಪದವೇ ಬದಲಾಗುತ್ತದೆ. ಬಲಿ ಬೇರೆ, ಬಾಲಿ ಬೇರೆ. ತಮಿಳು ಅಥವಾ ಇಂಗ್ಲಿಷ್ ಧಾಟಿಗೆ ಕನ್ನಡ ಕೂರಿಸಿದ ಹಾಡುಗಳಲ್ಲಿ ‘ಕರುಣೆ’ ಹೋಗಿ ‘ಕರೂಣೆ’ ಆಗುತ್ತದೆ. ಎಳೆಯಬೇಕಾದರೆ ಕೊನೆಯ ಅಕ್ಷರ ಎಳೆಯಿರಿ, ನಡುವಿನದನ್ನಲ್ಲ. ನಮ್ಮ ಮೈಸೂರು, ಮಂಡ್ಯದ ಮಾತಿನಲ್ಲಿ ‘ಹ’ ಸುಲಭವಾಗಿ ಬಿದ್ದುಹೋಗುತ್ತದೆ. ಮನೆಯಲ್ಲಿ ಅದು ಚೆಂದವೇ. ಆದರೆ ‘ಹಾಡುವೆನು’ ಅಂತ ಬರೆದದ್ದು ‘ಆಡುವೆನು’ ಅಂತ ಕೇಳಿದರೆ ಅರ್ಥ ಬೇರೆಯಾಯಿತಲ್ವಾ? ಯಾರನ್ನೂ ಬೆರಳು ಮಾಡಿ ತೋರಿಸದೆ, ಎಲ್ಲರಿಂದ ಒಟ್ಟಿಗೆ ನಾಲ್ಕು ಸಲ ಹೇಳಿಸಿ.

ಉಸಿರು ಎಲ್ಲಿ ಎಂಬುದನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಸಿ. “ಕೈಬಿಡದಿರು ಪ್ರಭುವೇ” ಎಂಬಂಥ ಸಾಲಿನಲ್ಲಿ ‘ಕೈಬಿಡ’ ಅಂತ ನಿಲ್ಲಿಸಿ ಉಸಿರೆಳೆದು ‘ದಿರು’ ಅಂದರೆ ಪ್ರಾರ್ಥನೆ ಎರಡು ತುಂಡಾಗುತ್ತದೆ. ಪದದ ನಡುವೆ ಉಸಿರು ಬೇಡ.

ಬೇರೆ ಬೇರೆ ದನಿಗಳಲ್ಲಿ ಹಾಡುವ ಹಾರ್ಮನಿ, ಅಂದರೆ ಒಂದೇ ಸಾಲನ್ನು ಮೇಲೂ ಕೆಳಗೂ ಬೇರೆ ಸ್ವರಗಳಲ್ಲಿ ಒಟ್ಟಿಗೆ ಹಾಡುವುದು, ಮೊದಲ ವರ್ಷ ಬೇಡ. ಹತ್ತು ಜನ ಒಂದೇ ಸ್ವರದಲ್ಲಿ, ಒಂದೇ ಉಚ್ಚಾರದಲ್ಲಿ ಹಾಡಿದರೆ ಅದಕ್ಕೆ ಬರುವ ಗಟ್ಟಿತನವೇ ಬೇರೆ.

ಮಾರ್ಚ್ ಏಪ್ರಿಲ್ ಬಂದರೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆ. ಅದೇ ಹೊತ್ತಿಗೆ ತಪಸ್ಸು ಕಾಲ, ಪವಿತ್ರ ವಾರ. ಮಕ್ಕಳನ್ನು ಒತ್ತಾಯ ಮಾಡಬೇಡಿ, ತಂದೆತಾಯಿಗೆ ಮುಜುಗರ ತರಬೇಡಿ. ಪವಿತ್ರ ವಾರದ ಹಾಡುಗಳನ್ನು ಜನವರಿ, ಫೆಬ್ರವರಿಯಲ್ಲೇ ಕಲಿಸಿ ಮುಗಿಸಿ. ಹಾಗೆಯೇ ದಸರಾ ರಜೆಯಲ್ಲಿ ಕ್ರಿಸ್‌ಮಸ್ ಹಾಡುಗಳಿಗೆ ನಾಲ್ಕು ದಿನ ಸಿಗುತ್ತದೆ. ಮೈಸೂರಿನವರು ಜಂಬೂ ಸವಾರಿ ದಿನ, ಅದರ ಹಿಂದಿನ ದಿನ ಮಾತ್ರ ಅಭ್ಯಾಸ ಇಡಬೇಡಿ. ಅರಮನೆ ಸುತ್ತಿನ ರಸ್ತೆ ದಾಟಿ ಬರಲು ಯಾರಿಂದಲೂ ಆಗುವುದಿಲ್ಲ.

7. ಕೀರ್ತನೆಯನ್ನು ಬಿಡಬೇಡಿ

ಮೊದಲ ವಾಚನದ ನಂತರ ಬರುವ ಕೀರ್ತನೆಯ ಜಾಗದಲ್ಲಿ ಯಾವುದೋ ಭಕ್ತಿಗೀತೆ ಹಾಡುವ ರೂಢಿ ಕೆಲವು ಕಡೆ ಇದೆ. ಅದು ಸರಿಯಲ್ಲ. ಕೀರ್ತನೆ ದೇವರ ವಾಕ್ಯವೇ. ಅದನ್ನು ಹಾಡಲು ದೊಡ್ಡ ವಿದ್ಯೆ ಬೇಕಾಗಿಲ್ಲ.

ಪಲ್ಲವಿಗೆ ಐದಾರು ಸ್ವರದ ಒಂದು ಸಣ್ಣ ಧಾಟಿ ಸಾಕು. ಮೋಹನ ರಾಗದ ಸ ರಿ ಗ ಪ ದ ಇದಕ್ಕೆ ಬಹಳ ಒಗ್ಗುತ್ತದೆ. ಜನಕ್ಕೆ ಬೇಗ ಹತ್ತುತ್ತದೆ, ಕೀಬೋರ್ಡಿನ ಮಾಮೂಲಿ ಕಾರ್ಡ್‌ಗಳೂ, ಅಂದರೆ ಮೂರು ಸ್ವರ ಒಟ್ಟಿಗೆ ಒತ್ತುವುದೂ, ಅದಕ್ಕೆ ಹೊಂದುತ್ತವೆ. ಚರಣಗಳನ್ನು ಒಂದೇ ಸ್ವರದ ಮೇಲೆ, ಮಾತಾಡಿದ ಹಾಗೆ, ಹೇಳಿಕೊಂಡು ಹೋಗಿ. ಸಾಲಿನ ಕೊನೆಯ ಎರಡು ಅಕ್ಷರಕ್ಕೆ ಒಂದು ಸ್ವರ ಕೆಳಗಿಳಿಯಿರಿ. ಮುಂದಿನ ಸಾಲಿಗೆ ಮತ್ತೆ ಅದೇ ಸ್ವರ, ಕೊನೆಗೆ ಷಡ್ಜಕ್ಕೆ ಬಂದು ನಿಲ್ಲಿ. ಹೀಗೆ ಒಬ್ಬರೇ ಹಾಡಬೇಕು. ಜನ ಪಲ್ಲವಿ ಹಿಡಿಯುತ್ತಾರೆ. ದೊಡ್ಡ ದನಿಯವರಿಗಿಂತ ಸ್ಪಷ್ಟವಾಗಿ ಓದಬಲ್ಲವರನ್ನು ಇದಕ್ಕೆ ಆರಿಸಿ.

8. ವಾರದ ಕೆಲಸ ಮತ್ತು ಭಾನುವಾರ ಬೆಳಗ್ಗೆ

ಸೋಮವಾರ ರಾತ್ರಿ ಮುಂದಿನ ಭಾನುವಾರದ ವಾಚನಗಳನ್ನು ಓದುತ್ತೇನೆ. ಮಂಗಳವಾರ ಹಾಡು ಆರಿಸಿ ಫಾದರ್‌ಗೆ ಕಳಿಸುತ್ತೇನೆ. ಬುಧವಾರ ಗ್ರೂಪಿಗೆ ಹಾಕುತ್ತೇನೆ, ಜೊತೆಗೆ ನಮ್ಮದೇ ಶ್ರುತಿಯಲ್ಲಿ ಫೋನಿಗೆ ಹಾಡಿದ ಒಂದು ನಿಮಿಷದ ಆಡಿಯೋ. ಶುಕ್ರವಾರ ಅಭ್ಯಾಸ. ನೀವು ನಿಮ್ಮ ಅನುಕೂಲಕ್ಕೆ ದಿನ ಬದಲಿಸಿಕೊಳ್ಳಿ. ಆದರೆ ಶನಿವಾರ ರಾತ್ರಿ ಹಾಡು ಆರಿಸುವ ಅಭ್ಯಾಸ ಮಾತ್ರ ಬೇಡ.

ಭಾನುವಾರ ಪೂಜೆಗೆ 40 ನಿಮಿಷ ಮುಂಚೆ ಇರಿ. ಕೀಬೋರ್ಡಿನ ಅಡಾಪ್ಟರ್, ಕರೆಂಟ್ ಹೋದರೆ ಬ್ಯಾಟರಿ, ಮೈಕ್, ಹಾಡಿನ ಸಂಖ್ಯೆಯ ಬೋರ್ಡ್, ಇವನ್ನು ನೋಡಿಕೊಳ್ಳಿ.

ಮೈಕ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸ್ಪೀಕರ್ ಯಾವಾಗಲೂ ಮೈಕಿಗಿಂತ ಮುಂದೆ, ಜನರ ಕಡೆ ಇರಲಿ. ಮೈಕ್ ಸ್ಪೀಕರಿನ ದನಿಯನ್ನೇ ಹಿಡಿದರೆ ಕುಯ್ ಅನ್ನುತ್ತದೆ. ಎಂಟು ಹತ್ತು ಜನರಿಗೆ ಎರಡು ಮೈಕ್ ಸಾಕು. ಪ್ರತಿಯೊಬ್ಬರ ಕೈಗೂ ಮೈಕ್ ಕೊಟ್ಟರೆ ಪ್ರತಿಯೊಬ್ಬರ ತಪ್ಪೂ ಕೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಮುಂದಾಳು ಹಾಡುಗಾರರ ಮೈಕ್. ಅವರು ಚರಣ ಹಾಡುವಾಗ ಮೈಕಿನ ಹತ್ತಿರ, ಒಂದು ಗೇಣು ದೂರದಲ್ಲಿ ಇರಲಿ. ಪಲ್ಲವಿ ಬಂದ ತಕ್ಷಣ ಎರಡು ಹೆಜ್ಜೆ ಹಿಂದೆ ಸರಿಯಲಿ. ಸ್ಪೀಕರಿನಲ್ಲಿ ಒಬ್ಬರ ದನಿಯೇ ತುಂಬಿಕೊಂಡಿದ್ದರೆ ಜನ ಕೇಳುಗರಾಗಿಬಿಡುತ್ತಾರೆ. ಆ ಎರಡು ಹೆಜ್ಜೆ ಸರಿದು ನೋಡಿ, ಬೆಂಚುಗಳಿಂದ ದನಿ ಬರಲು ಶುರುವಾಗುತ್ತದೆ. ನಾನು ಇಷ್ಟು ವರ್ಷದಲ್ಲಿ ಕಲಿತದ್ದರಲ್ಲಿ ಇದಕ್ಕಿಂತ ಸುಲಭದ, ಇದಕ್ಕಿಂತ ಫಲ ಕೊಟ್ಟ ಉಪಾಯ ಇನ್ನೊಂದಿಲ್ಲ.

ಕಟ್ಟಡವನ್ನೂ ಕೇಳಿಸಿಕೊಳ್ಳಬೇಕು. ಮೈಸೂರಿನ ಸಂತ ಫಿಲೋಮಿನಾ ಕೆಥೆಡ್ರಲ್‌ಗೆ 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದರು. ಜರ್ಮನಿಯ ಕೊಲೋನ್ ಕೆಥೆಡ್ರಲ್ ಮಾದರಿಯ ಗೋಥಿಕ್ ಕಟ್ಟಡ ಅದು. ಅಂಥ ಎತ್ತರದ ಕಮಾನುಗಳ ಕೆಳಗೆ ದನಿ ಬೇಗ ಸಾಯುವುದಿಲ್ಲ. ಅಲ್ಲಿ ವೇಗದ ಹಾಡು ಕಲಸಿಹೋಗುತ್ತದೆ. ಸ್ವಲ್ಪ ನಿಧಾನ ಮಾಡಿ, ಸಾಲಿನ ಕೊನೆಯ ಅಕ್ಷರ ಗಿಡ್ಡ ಮಾಡಿ, ಚರಣಗಳ ನಡುವೆ ಒಂದು ಉಸಿರಿನಷ್ಟು ಜಾಸ್ತಿ ಬಿಡಿ. ಹಳ್ಳಿಯ ಸಣ್ಣ ಚರ್ಚಿನಲ್ಲಿ ಇದರ ವಿರುದ್ಧ. ಎಳೆದರೆ ಹಾಡು ಸೊರಗುತ್ತದೆ.

ಉದ್ದದ ಚರ್ಚಿನಲ್ಲಿ ಕ್ವಾಯರ್ ಹಿಂದಿನ ಮಾಳಿಗೆಯಲ್ಲಿದ್ದರೆ ಇನ್ನೊಂದು ತೊಡಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 34 ಮೀಟರ್ ದೂರದ ಮುಂದಿನ ಬೆಂಚಿಗೆ ನಿಮ್ಮ ದನಿ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ತಲುಪುತ್ತದೆ, ಅವರ ದನಿ ನಿಮಗೆ ಮತ್ತೆ ಅಷ್ಟೇ ತಡ. ಜನರ ಹಾಡು ಎಳೆಯುತ್ತಿದೆ ಅನ್ನಿಸುತ್ತದೆ. ಅದಕ್ಕೆ ಕಾಯುತ್ತಾ ಹೋದರೆ ಇನ್ನೂ ನಿಧಾನವಾಗುತ್ತೀರಿ. ಕ್ವಾಯರ್ ಜನರ ದನಿಯನ್ನು ಹಿಂಬಾಲಿಸದೆ ನಿಮ್ಮ ಕೈ ನೋಡಲಿ.

9. ಪವಿತ್ರ ವಾರ

ವರ್ಷದ ಅತಿ ಕಷ್ಟದ, ಅತಿ ಸುಂದರವಾದ ಮೂರು ದಿನ. ಇದಕ್ಕೆ ಬೇರೆಯದೇ ನೋಟ್‌ಬುಕ್ ಇಡಿ.

ಪವಿತ್ರ ಗುರುವಾರ ಸಂಜೆ ಗಂಟೆಗಳ ಜೊತೆ ಮಹಿಮಾಗೀತೆ ಹಾಡುತ್ತೇವೆ. ಅಲ್ಲಿಂದ ಪಾಸ್ಖ ಜಾಗರಣೆಯ, ಅಂದರೆ ಈಸ್ಟರ್ ಹಿಂದಿನ ರಾತ್ರಿಯ ಪೂಜೆಯ, ಮಹಿಮಾಗೀತೆಯವರೆಗೆ ಗಂಟೆ ಮೌನ. ಕೀಬೋರ್ಡೂ ಹಾಡಿಗೆ ಆಸರೆಯಾಗಿ ಮಾತ್ರ. ನಮ್ಮಲ್ಲಿ ಪೂರ್ತಿ ಮುಚ್ಚಿ, ಮೇಲೆ ಬಟ್ಟೆ ಹೊದಿಸಿಬಿಡುತ್ತೇವೆ. ಶುಭ ಶುಕ್ರವಾರ ವಾದ್ಯವಿಲ್ಲದೆ ಹಾಡುವುದಾದರೆ ವಾದ್ಯವಿಲ್ಲದೆಯೇ ಅಭ್ಯಾಸ ಮಾಡಿ. ಶ್ರುತಿ ಕೊಡಲು ಒಬ್ಬರನ್ನು ನೇಮಿಸಿ. ಶಿಲುಬೆಗೆ ನಮಿಸುವ ಸಾಲು ಬಹಳ ಉದ್ದ ಇರುತ್ತದೆ. ಹತ್ತು ಹಾಡು ಕಲಿಯಬೇಕಾಗಿಲ್ಲ. ಮೂರು ಹಾಡು, ನಡುವೆ ಮೌನ. ಮೌನಕ್ಕೆ ಹೆದರಬೇಡಿ.

ಪಾಸ್ಖ ಜಾಗರಣೆ ಕತ್ತಲಲ್ಲಿ ಶುರುವಾಗುತ್ತದೆ. ಕತ್ತಲಲ್ಲಿ ಹಾಡಿನ ಪುಸ್ತಕ ಕಾಣುವುದಿಲ್ಲ! ಇದು ಪ್ರತಿ ಹೊಸಬರಿಗೂ ಆ ರಾತ್ರಿಯೇ ಗೊತ್ತಾಗುತ್ತದೆ, ನನಗೂ ಹಾಗೇ ಆಯಿತು. ಪಾಸ್ಖ ಘೋಷಣೆ, ಅಂದರೆ ಆ ರಾತ್ರಿಯ ಉದ್ದನೆಯ ಸ್ತುತಿಗೀತೆ, ಹಾಡುವವರಿಗೆ ಸಣ್ಣ ಟಾರ್ಚ್ ಬೇಕು. ಮೊದಲ ಕೀರ್ತನೆಗಳ ಪಲ್ಲವಿ ಎಲ್ಲರಿಗೂ ಬಾಯಿಪಾಠ ಇರಬೇಕು. ಕಾಗದ ಮತ್ತು ಮೇಣದಬತ್ತಿ ಒಂದೇ ಕೈಯಲ್ಲಿ ಹಿಡಿಯುವ ಮಕ್ಕಳ ಮೇಲೆ ಕಣ್ಣಿರಲಿ.

ಹಳೆ ಒಡಂಬಡಿಕೆಯ ಏಳು ವಾಚನಗಳಿವೆ. ಫಾದರ್ ಕೆಲವನ್ನು ಬಿಡಬಹುದು, ಆದರೆ ಕೆಂಪು ಸಮುದ್ರ ದಾಟುವ ವಾಚನವನ್ನು ಬಿಡುವಂತಿಲ್ಲ. ಎಷ್ಟು ಓದುತ್ತಾರೆ ಅಂತ ಒಂದು ವಾರ ಮುಂಚೆ ಕೇಳಿಕೊಳ್ಳಿ, ಅಷ್ಟೇ ಕೀರ್ತನೆ ತಯಾರಿ ಮಾಡಿ. ಕೊನೆಯ ವಾಚನದ ಪ್ರಾರ್ಥನೆ ಮುಗಿದ ತಕ್ಷಣ ಮಹಿಮಾಗೀತೆ, ಗಂಟೆಗಳು, ವಾದ್ಯ ಎಲ್ಲ ಒಟ್ಟಿಗೆ. ಅಲ್ಲಿಯವರೆಗೆ ವಾದ್ಯವಿಲ್ಲದೆ ಹಾಡಿದ ಕ್ವಾಯರ್‌ನ ಶ್ರುತಿ ತಿಳಿಯದಂತೆ ಇಳಿದಿರುತ್ತದೆ. ಹಾಗಾಗಿ ಕೀಬೋರ್ಡಿನವರು ಮೊದಲು ಗಟ್ಟಿಯಾಗಿ ಶ್ರುತಿ ಕೊಡಲಿ, ಎಲ್ಲರೂ ಕೇಳಿಕೊಳ್ಳಲಿ, ಆಮೇಲೆ ಎತ್ತಲಿ. ನಂತರ ಬರುವ ಅಲ್ಲೆಲೂಯವನ್ನು ಫಾದರ್ ಮೂರು ಸಲ, ಒಂದೊಂದು ಸಲಕ್ಕೂ ಮೇಲಿನ ಸ್ವರದಲ್ಲಿ ಎತ್ತುತ್ತಾರೆ. ಅವರ ಹಿಂದೆ ಕೀಬೋರ್ಡ್ ಓಡಬಾರದು. ಮೂರನೆಯದು ಮುಗಿಯುವವರೆಗೆ ಕೈ ತೊಡೆಯ ಮೇಲೇ ಇರಲಿ. ನಲವತ್ತು ದಿನಗಳ ನಂತರ ಆ ಒಂದು ಪದ ಜನರ ಬಾಯಿಂದ ಬರುವುದನ್ನು ಕೇಳಲು ನಾನು ವರ್ಷವಿಡೀ ಕಾಯುತ್ತೇನೆ.

10. ಕ್ರಿಸ್‌ಮಸ್, ಹಬ್ಬ

ಕ್ಯಾರಲ್‌ಗೆ ಮನೆಮನೆಗೆ ಹೋಗುವಾಗ ಕ್ರಿಸ್‌ಮಸ್ ಹಾಡು ಹಾಡಿ, ತೊಂದರೆ ಇಲ್ಲ. ಆದರೆ ಪೂಜೆಯಲ್ಲಿ 24ರ ಸಂಜೆಯವರೆಗೆ ಆಗಮನ ಕಾಲದ ಹಾಡೇ ಇರಲಿ. 26ಕ್ಕೇ ಕ್ರಿಸ್‌ಮಸ್ ಹಾಡು ನಿಲ್ಲಿಸಬೇಡಿ. ಜನವರಿಯಲ್ಲಿ ಬರುವ ಪ್ರಭುವಿನ ಸ್ನಾನದೀಕ್ಷೆಯ ಹಬ್ಬದವರೆಗೂ ಅದೇ ಕಾಲ.

ಹೊರಗೆ ಸ್ಪೀಕರ್ ಹಾಕುವವರಿಗೆ ಒಂದು ಮಾತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ ಕೆಲವು ದಿನ ಮಧ್ಯರಾತ್ರಿ 12ರವರೆಗೆ ರಿಯಾಯಿತಿ ಕೊಡಬಹುದು. ಪೊಲೀಸ್ ಅನುಮತಿ ಪತ್ರವನ್ನು ಮುಂಚೆಯೇ ಮಾಡಿಸಿ.

ಮೈಸೂರು ಜಿಲ್ಲೆಯ ದೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬದಂಥ, ಜೂನ್ 13ರ ಜನಸಾಗರದಲ್ಲಿ ಹಾಡುವ ಅವಕಾಶ ಬಂದರೆ ಹೊಸ ಹಾಡು ಒಂದೂ ಬೇಡ. ಬೇರೆ ಬೇರೆ ಊರಿನಿಂದ ಬಂದವರಿಗೆಲ್ಲ ಗೊತ್ತಿರುವ ಹಾಡೇ ಆರಿಸಿ.

ಪೂಜೆಯಲ್ಲಿ ಹಾಡುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆ ಅಡ್ಡಿ ಮಾಡುವುದಿಲ್ಲ. ಧಾರ್ಮಿಕ ವಿಧಿಯಲ್ಲಿ ಹಾಡಲು 52ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಆದರೆ ಅದೇ ಹಾಡನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವುದು, ಪುಸ್ತಕ ಮಾಡಿ ಮಾರುವುದು ಬೇರೆ ವಿಷಯ. ಬರೆದವರ, ರಾಗ ಹಾಕಿದವರ ಒಪ್ಪಿಗೆ ಕೇಳಿ.

11. ಮದುವೆ, ಸಾವು

ಮದುವೆ ಮನೆಯವರು ಸಿನಿಮಾ ಹಾಡು ಕೇಳುತ್ತಾರೆ. ಮುಖ ಮುರಿಯದೆ ಹೇಳಿ: “ಪೂಜೆ ಒಳಗೆ ಬೇಡ, ಆಮೇಲೆ ರಿಸೆಪ್ಷನ್‌ನಲ್ಲಿ ನಾವೇ ಹಾಡ್ತೀವಿ.” ಹಾಡಿನ ಪಟ್ಟಿ ಒಂದು ತಿಂಗಳು ಮುಂಚೆ ಫಾದರ್ ಕಣ್ಣಿಗೆ ಬಿದ್ದಿರಲಿ. ಇಷ್ಟಾದರೆ ಮದುವೆ ಕಷ್ಟವಲ್ಲ.

ಸಾವಿಗೆ ತಿಂಗಳ ನೋಟಿಸ್ ಇರುವುದಿಲ್ಲ. ಬೆಳಗ್ಗೆ ಫೋನ್ ಬಂದರೆ ಸಂಜೆ ಪೂಜೆ. ಅದಕ್ಕೆ ಒಂದು ಫೈಲ್ ಯಾವಾಗಲೂ ತಯಾರಿರಲಿ. ಅದರಲ್ಲಿ ಆರು ಹಾಡು ಸಾಕು. ದೊಡ್ಡ ಅಕ್ಷರದಲ್ಲಿ ಬರೆದ ಹತ್ತು ಪ್ರತಿ, ಪ್ರತಿ ಹಾಡಿನ ಟ್ರಾನ್ಸ್‌ಪೋಸ್ ಅಂಕಿ. ಕೆಲಸದ ದಿನ ಹಗಲು ಹೊತ್ತಿನಲ್ಲಿ ಯಾರು ಬರಬಲ್ಲರು ಎಂಬ ಪಟ್ಟಿ. ನಿವೃತ್ತರಾದ ಅಣ್ಣಂದಿರು, ಮನೆಯಲ್ಲಿರುವ ಅಕ್ಕಂದಿರು ಇದಕ್ಕೆ ಬಹಳ ಆಸರೆ. ಮೂರೇ ಜನ ಬಂದರೂ ಪರವಾಗಿಲ್ಲ.

ಶ್ರುತಿ ಮಾಮೂಲಿಗಿಂತ ಎರಡು ಅಂಕಿ ಇಳಿಸಿ. ಅಳುವ ಗಂಟಲು ಮೇಲೆ ಹೋಗುವುದಿಲ್ಲ. ಹಾಗಂತ ವೇಗವನ್ನು ತೀರಾ ಎಳೆಯಬೇಡಿ, ಉಸಿರು ಸಾಲದೆ ಎಲ್ಲರೂ ನಿಲ್ಲುತ್ತಾರೆ. ಸತ್ತವರ ಮನೆಯವರು “ಅಮ್ಮನಿಗೆ ಇಷ್ಟವಾದ ಹಾಡು” ಅಂತ ಏನಾದರೂ ಕೇಳಿದರೆ, ಅದು ಭಕ್ತಿಗೀತೆಯಾಗಿದ್ದರೆ, ನಿಮಗೆ ಪೂರ್ತಿ ಬರದಿದ್ದರೂ ಪಲ್ಲವಿಯಾದರೂ ಹಾಡಿ.

ಮೆರವಣಿಗೆಯಲ್ಲಿ, ಸಮಾಧಿಯ ಹತ್ತಿರ ಕೀಬೋರ್ಡ್ ಇರುವುದಿಲ್ಲ, ಮೈಕ್ ಇರುವುದಿಲ್ಲ. ಕಾಗದವೂ ಗಾಳಿಗೆ ನಿಲ್ಲುವುದಿಲ್ಲ. ಅದಕ್ಕೆ ಎರಡು ಹಾಡಾದರೂ ಪೂರ್ತಿ ಬಾಯಿಪಾಠ ಇರಲಿ. ಕ್ವಾಯರ್ ಒಂದೇ ಕಡೆ ಗುಂಪಾಗಿ ನಿಲ್ಲದೆ ಜನರ ನಡುವೆ ಇಬ್ಬಿಬ್ಬರಾಗಿ ಹರಡಿಕೊಳ್ಳಿ. ಆಗ ಪಕ್ಕದವರೂ ದನಿಗೂಡಿಸುತ್ತಾರೆ. ಫಾದರ್ ಪ್ರಾರ್ಥನೆ ಮುಗಿಸಿದ ಮೇಲೆ ಹಿಡಿ ಮಣ್ಣು ಹಾಕಲು ಜನ ಒಬ್ಬೊಬ್ಬರಾಗಿ ಬರುತ್ತಾರೆ. ಆಗ ಹಾಡು ನಿಲ್ಲಿಸಬೇಡಿ. ಗೊತ್ತಿರುವ ಚರಣಗಳು ಮುಗಿದರೆ ಮತ್ತೆ ಮೊದಲಿಂದ ಹಾಡಿ. ಕೊನೆಯವರು ಮಣ್ಣು ಹಾಕಿ ಹಿಂದೆ ಸರಿಯುವವರೆಗೆ ಹಾಡುತ್ತಿರಿ.